ಹಂಬರ್‌ಸ್ಟೋನ್: ಪೆಟ್ಲುಪ್ಪಿನ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಲಿ ದೇಶದ ಉತ್ತರದ ಮರುಭೂಮಿಯಲ್ಲಿ ಜನ ಬಿಟ್ಟುಹೋದ ಒಂದು ಊರಿದೆ. ತುಕ್ಕು ಹಿಡಿದ ಈಜುಕೊಳ, ಧೂಳು ತುಂಬಿದ ರಂಗಮಂದಿರದ ಕುರ್ಚಿಗಳು, ತಗಡಿನ ಮಾಡಿನ ಮನೆಗಳ ಸಾಲು: ಇವುಗಳ ಚಿತ್ರಗಳನ್ನು ನೋಡಿದವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳಿಗೆ ಉತ್ತರ ಇಲ್ಲಿದೆ. ಕೆಲವು ಉತ್ತರಗಳು ಉದ್ದವಾಗಿವೆ, ಕೆಲವಕ್ಕೆ ಎರಡು ಸಾಲು ಸಾಕಾಯಿತು.

ಈ ಊರು ಸರಿಯಾಗಿ ಎಲ್ಲಿದೆ?

ಪೆಸಿಫಿಕ್ ಕರಾವಳಿಯ ಬಂದರು ನಗರ ಇಕೀಕೆಯಿಂದ ಪೂರ್ವಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ. ಕರಾವಳಿಯ ಕಡಿದಾದ ಬೆಟ್ಟಸಾಲನ್ನು ಹತ್ತಿ ದಾಟಿದರೆ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಒಂದು ಬೋಳು ಬಯಲು ಸಿಗುತ್ತದೆ. ಅಲ್ಲಿಯವರು ಅದನ್ನು ಪಂಪಾ ಎನ್ನುತ್ತಾರೆ. ಆ ಬಯಲಿನಲ್ಲಿ ಬದುಕಿದವರು ಪಂಪೀನೊಗಳು. ಅರ್ಜೆಂಟೀನಾದ ಹುಲ್ಲುಗಾವಲಿಗೂ ಪಂಪಾ ಎಂದೇ ಹೆಸರಿರುವುದರಿಂದ ಗೊಂದಲವಾಗುವುದು ಸಹಜ. ಈ ಪಂಪಾದಲ್ಲಿ ಹುಲ್ಲುಕಡ್ಡಿಯೂ ಇಲ್ಲ. ಅಟಕಾಮಾ ಭೂಮಿಯ ಅತ್ಯಂತ ಒಣ ಮರುಭೂಮಿಗಳಲ್ಲೊಂದು. ಹಗಲು ಸುಡುವ ಬಿಸಿಲು, ರಾತ್ರಿ ಹಲ್ಲು ಕಟಕಟಿಸುವ ಚಳಿ, ಕೆಲವು ಬೆಳಗುಗಳಲ್ಲಿ ಸಮುದ್ರದ ಕಡೆಯಿಂದ ಏರಿ ಬರುವ ಕಮಂಚಾಕಾ ಎಂಬ ದಟ್ಟ ಮಂಜು. ಮಳೆಯ ಮಾತೇ ಬೇಡ.

ಪೆಟ್ಲುಪ್ಪು ಎಂದರೆ ನಮ್ಮ ಪಟಾಕಿಗೆ ಹಾಕುವುದೇ?

ಅದರ ಅಣ್ಣನೋ ತಮ್ಮನೋ ಎನ್ನಬಹುದು. ಪಟಾಕಿಗೆ, ಕರಿಮದ್ದಿಗೆ ಬಳಸುವ ಪೆಟ್ಲುಪ್ಪು ಪೊಟ್ಯಾಷಿಯಂ ನೈಟ್ರೇಟ್. ಅಟಕಾಮಾದಲ್ಲಿ ಸಿಗುವುದು ಸೋಡಿಯಂ ನೈಟ್ರೇಟ್, ಅಂದರೆ ಚಿಲಿ ಪೆಟ್ಲುಪ್ಪು. ಇದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ನೇರವಾಗಿ ಮದ್ದಿಗೆ ಬೆರೆಸಲು ಅಷ್ಟು ಒಗ್ಗುವುದಿಲ್ಲ. ಆದರೆ ಬೆಳೆಗಳಿಗೆ ಇದರಷ್ಟು ಬೇಗ ಸಾರಜನಕ ಕೊಡುವ ಗೊಬ್ಬರ ಹತ್ತೊಂಬತ್ತನೆಯ ಶತಮಾನದ ಯುರೋಪಿಗೆ ಬೇರೆ ಗೊತ್ತಿರಲಿಲ್ಲ. ಜರ್ಮನಿಯ ಸಕ್ಕರೆ ಬೀಟ್ ಹೊಲಗಳು ಇದನ್ನು ಹಡಗುಗಟ್ಟಲೆ ನುಂಗಿದವು. ನೈಟ್ರಿಕ್ ಆಮ್ಲ ತಯಾರಿಸುವುದಕ್ಕೂ, ಅದರ ಮೂಲಕ ಡೈನಮೈಟಿಗೂ ಆಧುನಿಕ ಸ್ಫೋಟಕಗಳಿಗೂ ಇದೇ ಕಚ್ಚಾವಸ್ತುವಾಯಿತು.

ಇಲ್ಲಿ ಭಾರತಕ್ಕೊಂದು ನಂಟಿದೆ. ಅದಕ್ಕೆ ಮೊದಲು ಜಗತ್ತಿನ ಮದ್ದುಗುಂಡಿಗೆ ಪೆಟ್ಲುಪ್ಪು ಒದಗಿಸುತ್ತಿದ್ದುದು ಮುಖ್ಯವಾಗಿ ಬಿಹಾರದ ನೆಲ. ಚಿಲಿಯ ಉಪ್ಪನ್ನು ಜರ್ಮನಿಯ ಗಣಿಗಳ ಪೊಟ್ಯಾಷ್ ಜೊತೆ ಸೇರಿಸಿ ಪೊಟ್ಯಾಷಿಯಂ ನೈಟ್ರೇಟ್ ಆಗಿ ಮಾರ್ಪಡಿಸುವುದನ್ನು ಯುರೋಪಿನವರು ಕಲಿತ ಮೇಲೆ ಬಿಹಾರದ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಇನ್ನೊಂದು ನಂಟು ಚೀಲದ್ದು. ಚಿಲಿಯಿಂದ ಈ ಉಪ್ಪು ಹೊರಟಿದ್ದು ಗೋಣಿಚೀಲಗಳಲ್ಲಿ. ಸೆಣಬು ಎಂದರೆ ಆ ಕಾಲದಲ್ಲಿ ಬಂಗಾಳವೇ.

ಒಣ ಮರುಭೂಮಿಯಲ್ಲಿ ಇಷ್ಟು ನೈಟ್ರೇಟ್ ಎಲ್ಲಿಂದ ಬಂತು?

ಹಿಂದೆ ಇದಕ್ಕೆ ಬಗೆಬಗೆಯ ವಿವರಣೆಗಳಿದ್ದವು: ಹಳೆಯ ಸಮುದ್ರದ ಪಾಚಿ, ಹಕ್ಕಿಗಳ ಹಿಕ್ಕೆ, ಜ್ವಾಲಾಮುಖಿ. ಆಮ್ಲಜನಕದ ಐಸೊಟೋಪ್‌ಗಳನ್ನು ಅಳೆದು ನೋಡಿದ ಮೇಲೆ ಇದರ ಬಹುಪಾಲು ವಾತಾವರಣದಿಂದಲೇ ಇಳಿದದ್ದು ಎಂಬುದು ಸ್ಪಷ್ಟವಾಗಿದೆ. ಗಾಳಿಯಲ್ಲಿ ಉಂಟಾಗುವ ನೈಟ್ರೇಟ್ ಎಲ್ಲ ಕಡೆಯೂ ಒಂದಿಷ್ಟು ನೆಲಕ್ಕೆ ಬೀಳುತ್ತದೆ. ಬೇರೆ ಕಡೆ ಮಳೆ ಅದನ್ನು ಕೊಚ್ಚಿ ಒಯ್ಯುತ್ತದೆ, ಗಿಡ ತಿನ್ನುತ್ತದೆ, ಸೂಕ್ಷ್ಮಜೀವಿ ಒಡೆಯುತ್ತದೆ. ಇಲ್ಲಿ ಮೂವರೂ ಇಲ್ಲ. ಹೀಗೆ ಲಕ್ಷಾಂತರ ವರ್ಷ ಕೂಡಿಬಿದ್ದು ಮಣ್ಣು, ಮರಳು, ಅಡುಗೆ ಉಪ್ಪುಗಳೊಂದಿಗೆ ಗಟ್ಟಿಯಾಗಿ ಕಲ್ಲಾದದ್ದಕ್ಕೆ ಕಲೀಚೆ ಎಂದು ಹೆಸರು. ಜಗತ್ತಿನ ಹೊಲಗಳಿಗೆ ಫಲವತ್ತತೆ ಹೋದದ್ದು ಏನೂ ಬೆಳೆಯದ ನೆಲದಿಂದ, ಅಲ್ಲಿ ಏನೂ ಬೆಳೆಯದು ಎಂಬ ಕಾರಣದಿಂದಲೇ.

ಹಂಬರ್‌ಸ್ಟೋನ್ ಎಂಬುವರು ಈ ಊರನ್ನು ಕಟ್ಟಿದರೇ?

ಇಲ್ಲ. ಅಂತರ್ಜಾಲದಲ್ಲಿ ಹಲವು ಕಡೆ 1872ರಲ್ಲಿ ಅವರೇ ಊರು ಸ್ಥಾಪಿಸಿದರು ಎಂದು ಬರೆದಿರುತ್ತದೆ. ಜೇಮ್ಸ್ ಥಾಮಸ್ ಹಂಬರ್‌ಸ್ಟೋನ್ ಇಂಗ್ಲೆಂಡಿನ ಡೋವರ್‌ನಲ್ಲಿ ಹುಟ್ಟಿದ್ದು 1850ರಲ್ಲಿ, ದಕ್ಷಿಣ ಅಮೆರಿಕಕ್ಕೆ ಬಂದದ್ದು 1875ರಲ್ಲಿ. ಬರುವುದಕ್ಕೆ ಮೂರು ವರ್ಷ ಮೊದಲೇ ಊರು ಕಟ್ಟುವುದು ಹೇಗೆ ಸಾಧ್ಯ? ಊರಿನ ಮೊದಲ ಹೆಸರು ಲಾ ಪಾಲ್ಮಾ. ಅದು ಪೆರು ದೇಶದ ಆಡಳಿತದಲ್ಲಿದ್ದಾಗ ಶುರುವಾದ ಕಾರ್ಖಾನೆ.

ಹಂಬರ್‌ಸ್ಟೋನ್ ಅವರ ಕೆಲಸ ಬೇರೆ, ಅದು ಊರು ಕಟ್ಟಿದ್ದಕ್ಕಿಂತ ದೊಡ್ಡದು. ಅವರು ರಸಾಯನಶಾಸ್ತ್ರ ಬಲ್ಲ ಎಂಜಿನಿಯರ್. ಇಂಗ್ಲೆಂಡಿನಲ್ಲಿ ಜೇಮ್ಸ್ ಶ್ಯಾಂಕ್ಸ್ ಎಂಬವರು ಸೋಡಾ ತಯಾರಿಕೆಗೆಂದು ರೂಪಿಸಿದ್ದ ವಿಧಾನವನ್ನು 1870ರ ದಶಕದ ಕೊನೆಯಲ್ಲಿ ಕಲೀಚೆಗೆ ಒಗ್ಗಿಸಿದರು. ಹಳೆಯ ಪದ್ಧತಿಯಲ್ಲಿ ತೆರೆದ ಕೊಪ್ಪರಿಗೆಗಳ ಕೆಳಗೆ ನೇರವಾಗಿ ಬೆಂಕಿ ಹಾಕಿ ಕಲ್ಲು ಕುದಿಸುತ್ತಿದ್ದರು. ಅದಕ್ಕೆ ಅರ್ಧಕ್ಕರ್ಧ ನೈಟ್ರೇಟ್ ಇರುವ ಅತ್ಯುತ್ತಮ ಕಲ್ಲೇ ಬೇಕಿತ್ತು, ಪಂಪಾದ ತಮರೂಗೊ ಮರಗಳು ಬಹುಪಾಲು ಸೌದೆಯಾದವು. ಶ್ಯಾಂಕ್ಸ್ ವಿಧಾನ ಬಂದ ಮೇಲೆ ನೂರಕ್ಕೆ ಹದಿನೈದರಷ್ಟು ನೈಟ್ರೇಟ್ ಇರುವ ಕಲ್ಲೂ ಲಾಭದ ಕಲ್ಲಾಯಿತು. ಹಿಂದೆ ಬಿಸಾಡಿದ್ದನ್ನೇ ಮತ್ತೆ ಅಗೆದರು.

ಸ್ಥಳೀಯರು ಅವರನ್ನು ಗೌರವದಿಂದ ಡಾನ್ ಸಾಂಟಿಯಾಗೊ ಎಂದು ಕರೆಯುತ್ತಿದ್ದರು. 1934ರಲ್ಲಿ ಹೊಸ ಕಂಪನಿಯೊಂದು ಲಾ ಪಾಲ್ಮಾವನ್ನು ಕೊಂಡಾಗ ಊರಿಗೆ ಅವರ ಹೆಸರಿಟ್ಟಿತು. ಆಗ ಅವರಿನ್ನೂ ಬದುಕಿದ್ದರು. 1939ರಲ್ಲಿ ತೀರಿಕೊಂಡರು. ಸಮಾಧಿ ತಿಲಿವಿಚೆ ಎಂಬಲ್ಲಿನ ಇಂಗ್ಲಿಷರ ಸ್ಮಶಾನದಲ್ಲಿದೆ.

ಕಲ್ಲಿನಿಂದ ಉಪ್ಪು ತೆಗೆಯುತ್ತಿದ್ದುದು ಹೇಗೆ?

ಗಣಿ ಎಂದ ಕೂಡಲೇ ಆಳದ ಸುರಂಗವನ್ನು ಕಲ್ಪಿಸಿಕೊಳ್ಳಬೇಡಿ. ಕಲೀಚೆ ಇರುವುದು ನೆಲದಿಂದ ಕೆಲವೇ ಮೀಟರ್ ಕೆಳಗೆ. ಗಟ್ಟಿ ಪದರದ ಮೂಲಕ ಸಣ್ಣದೊಂದು ಗುಂಡಿ ಕೊರೆಯುತ್ತಿದ್ದರು. ದೊಡ್ಡವರ ಭುಜ ಹಿಡಿಸದಷ್ಟು ಕಿರಿದು. ಆದ್ದರಿಂದ ಹುಡುಗನೊಬ್ಬನನ್ನು ಒಳಗೆ ಇಳಿಸುತ್ತಿದ್ದರು. ಅವನು ತಳದಲ್ಲಿ ಬಟ್ಟಲಿನಂತೆ ಕೆರೆದು ಮದ್ದು ತುಂಬಲು ಜಾಗ ಮಾಡುತ್ತಿದ್ದ. ಈ ಕೆಲಸಕ್ಕೆ ದೆಸ್ತಾಸಾದೋರ್ ಎಂಬ ಪ್ರತ್ಯೇಕ ಹೆಸರೇ ಇತ್ತು. ಕರಿಮದ್ದನ್ನು ಅಲ್ಲಿಯೇ, ಅದೇ ನೈಟ್ರೇಟಿಗೆ ಗಂಧಕ ಮತ್ತು ಇದ್ದಿಲು ಬೆರೆಸಿ ಮಾಡಿಕೊಳ್ಳುತ್ತಿದ್ದರು; ಅಲ್ಲಿನ ಒಣ ಗಾಳಿಯಲ್ಲಿ ತೇವದ ತೊಂದರೆ ಇರಲಿಲ್ಲ.

ಸ್ಫೋಟವಾದ ಮೇಲೆ ಎದ್ದ ಬಂಡೆಗಳನ್ನು ಸುತ್ತಿಗೆಯಿಂದ ಒಡೆದು, ಹೇಸರಗತ್ತೆ ಗಾಡಿಗಳಲ್ಲಿ, ಆಮೇಲಿನ ವರ್ಷಗಳಲ್ಲಿ ಪುಟ್ಟ ರೈಲುಗಳಲ್ಲಿ ಕಾರ್ಖಾನೆಗೆ ಒಯ್ಯುತ್ತಿದ್ದರು. ಬಿಸಿಲಿನಲ್ಲಿ ಕಲ್ಲು ಒಡೆಯುವವನಿಗೆ ಕೂಲಿ ಗಾಡಿಯ ಲೆಕ್ಕದಲ್ಲಿ. ಆದರೆ ತಂದ ಕಲ್ಲು ಕಡಿಮೆ ದರ್ಜೆಯದು ಎಂದು ಕಂಪನಿಯ ಮನುಷ್ಯ ಹೇಳಿದರೆ ಆ ಗಾಡಿಗೆ ಕಾಸಿಲ್ಲ. ಕಲ್ಲನ್ನು ಮಾತ್ರ ಹಿಂದಿರುಗಿಸುತ್ತಿರಲಿಲ್ಲ. ಈ ಒಂದು ವಿಷಯದ ಮೇಲೆ ನಡೆದಷ್ಟು ಜಗಳ ಪಂಪಾದಲ್ಲಿ ಬೇರಾವುದರ ಮೇಲೂ ನಡೆದಿರಲಾರದು.

ಕಾರ್ಖಾನೆಯಲ್ಲಿ ಯಂತ್ರಗಳು ಕಲ್ಲನ್ನು ಪುಡಿಗುಟ್ಟುತ್ತಿದ್ದವು. ಪುಡಿ ಹೋಗುತ್ತಿದ್ದುದು ಕಚೂಚೊ ಎಂಬ ಭಾರಿ ಕಬ್ಬಿಣದ ತೊಟ್ಟಿಗಳಿಗೆ. ತೊಟ್ಟಿಗಳೊಳಗೆ ಸುರುಳಿ ಕೊಳವೆಗಳು, ಕೊಳವೆಗಳಲ್ಲಿ ಹಬೆ. ಹಂಬರ್‌ಸ್ಟೋನ್ ಅವರ ಜಾಣತನ ಇದ್ದದ್ದು ತೊಟ್ಟಿಗಳ ಜೋಡಣೆಯಲ್ಲಿ. ನೀರು ಮೊದಲು ಸಾರ ಬಹುತೇಕ ಮುಗಿದ ಕಲ್ಲಿನ ಮೇಲೆ ಹರಿದು, ಅಲ್ಲಿಂದ ಅದಕ್ಕಿಂತ ಹೊಸದರ ಮೇಲೆ, ಕೊನೆಗೆ ಆಗಷ್ಟೇ ಬಂದ ಕಲ್ಲಿನ ಮೇಲೆ ಹರಿಯುತ್ತಿತ್ತು. ಹೀಗೆ ನೀರೂ ಶಾಖವೂ ಉಳಿದವು. ಕುದಿಯುವ ದ್ರಾವಣ ತಣ್ಣಗಾದಾಗ ಅಡುಗೆ ಉಪ್ಪಿಗಿಂತ ನೈಟ್ರೇಟ್ ಬೇಗ ಹರಳುಗಟ್ಟುತ್ತದೆ, ಪ್ರತ್ಯೇಕಿಸುವ ಗುಟ್ಟು ಇಷ್ಟೇ. ಬಿಳಿ ಹರಳನ್ನು ಬಿಸಿಲಿಗೆ ಒಣಗಿಸಿ ಚೀಲಕ್ಕೆ ತುಂಬಿದರೆ ಸರಕು ಸಿದ್ಧ. ಉಳಿದ ನೀರಿನಿಂದ ಅಯೋಡಿನ್ ತೆಗೆಯುತ್ತಿದ್ದರು.

ತೊಟ್ಟಿ ಖಾಲಿಯಾದ ಕೂಡಲೇ ತಳದ ಕೆಸರನ್ನು ಸಲಿಕೆಯಿಂದ ಎತ್ತಲು ಆಳುಗಳು ಒಳಗೆ ಇಳಿಯಬೇಕು. ಬಿಸಿ ಆರುವವರೆಗೆ ಕಾಯುವ ಪದ್ಧತಿ ಇರಲಿಲ್ಲ. ಎಲ್ಲಕ್ಕಿಂತ ಕ್ರೂರವಾದದ್ದು ಈ ಕೆಲಸ. ತೊಟ್ಟಿಗಳ ಬಾಯಿಗೆ ಕಟಕಟೆಯೂ ಇರಲಿಲ್ಲ, ಕುದಿಯುವ ದ್ರಾವಣಕ್ಕೆ ಜಾರಿ ಬಿದ್ದು ಸತ್ತವರಿದ್ದಾರೆ. ಎತ್ತಿದ ಕೆಸರು ಗುಡ್ಡವಾಗಿ ಬೆಳೆಯಿತು. ಅಲ್ಲಿನವರು ಅದನ್ನು ತೋರ್ತಾ, ಅಂದರೆ ಕೇಕು, ಎನ್ನುತ್ತಾರೆ. ಊರು ಸತ್ತರೂ ಆ ಗುಡ್ಡಗಳು ದೂರದಿಂದಲೇ ಕಾಣುತ್ತವೆ.

ಆ ಪ್ರದೇಶ ಮೊದಲು ಪೆರುವಿನದಂತೆ. ಚಿಲಿಗೆ ಸೇರಿದ್ದು ಹೇಗೆ?

ಯುದ್ಧದಿಂದ. ಆಗ ತಾರಾಪಾಕಾ ಪ್ರಾಂತ್ಯ ಪೆರುವಿನದು, ಅದರ ದಕ್ಷಿಣದ ಆಂಟೊಫಗಾಸ್ಟಾ ಬೊಲಿವಿಯಾದ್ದು. ಆಂಟೊಫಗಾಸ್ಟಾದ ಚಿಲಿ ಕಂಪನಿಯ ಮೇಲೆ ಬೊಲಿವಿಯಾ ಕ್ವಿಂಟಾಲಿಗೆ ಹತ್ತು ಸೆಂಟ್ ತೆರಿಗೆ ಹಾಕಿತು. ಕಂಪನಿ ಒಪ್ಪಲಿಲ್ಲ. 1879ರ ಫೆಬ್ರವರಿಯಲ್ಲಿ ಚಿಲಿಯ ಸೇನೆ ಆಂಟೊಫಗಾಸ್ಟಾಕ್ಕೆ ಬಂದಿಳಿಯಿತು. ಬೊಲಿವಿಯಾದೊಂದಿಗೆ ಒಪ್ಪಂದವಿದ್ದ ಪೆರುವೂ ಯುದ್ಧಕ್ಕೆ ಸಿಲುಕಿತು. 1883ರ ಆಂಕೋನ್ ಒಪ್ಪಂದದಲ್ಲಿ ತಾರಾಪಾಕಾ ಚಿಲಿಯ ಪಾಲಾಯಿತು. ಬೊಲಿವಿಯಾ ತನ್ನ ಸಮುದ್ರ ತೀರವನ್ನೇ ಕಳೆದುಕೊಂಡಿತು, ಆ ಗಾಯ ಇಂದಿಗೂ ಮಾದಿಲ್ಲ.

ಆದರೆ ಗೆದ್ದವರು ಯಾರು ಎಂಬುದು ನೇರವಾದ ಪ್ರಶ್ನೆಯಲ್ಲ. ಯುದ್ಧಕ್ಕೆ ಮೊದಲು ಪೆರು ಸರ್ಕಾರ ಕಾರ್ಖಾನೆಗಳನ್ನು ರಾಷ್ಟ್ರೀಕರಿಸಿ ಮಾಲೀಕರಿಗೆ ಹಣದ ಬದಲು, ಮುಂದೆ ಹಣ ಕೊಡುವ ಭರವಸೆಯ ಪತ್ರಗಳನ್ನು ಕೊಟ್ಟಿತ್ತು. ಯುದ್ಧದ ಗಲಿಬಿಲಿಯಲ್ಲಿ ಆ ಪತ್ರಗಳ ಬೆಲೆ ಪಾತಾಳಕ್ಕಿಳಿದಾಗ ಜಾನ್ ಥಾಮಸ್ ನಾರ್ತ್ ಎಂಬ ಇಂಗ್ಲಿಷ್ ಮನುಷ್ಯ ಅವನ್ನು ರದ್ದಿ ಬೆಲೆಗೆ ಕೊಂಡ. ಪತ್ರ ಹಿಡಿದವನೇ ಮಾಲೀಕ ಎಂದು ಚಿಲಿ ಒಪ್ಪಿಕೊಂಡಿತು. ನಾರ್ತ್ ರೈಲು, ನೀರು, ಬ್ಯಾಂಕುಗಳನ್ನೂ ಹಿಡಿದು ನೈಟ್ರೇಟ್ ರಾಜ ಎನಿಸಿದ. ರಕ್ತ ಸುರಿಸಿದ್ದು ಚಿಲಿಯ ಸೈನಿಕರು, ಲಾಭಾಂಶ ಹೋದದ್ದು ಲಂಡನ್ನಿಗೆ. ಚಿಲಿ ಸರ್ಕಾರಕ್ಕೆ ರಫ್ತು ತೆರಿಗೆ ಸಿಕ್ಕಿತು ನಿಜ, ಒಂದು ಕಾಲಕ್ಕೆ ಅದರ ಆದಾಯದ ಸುಮಾರು ಅರ್ಧ ಅದೇ ಆಗಿತ್ತು. ತೆರಿಗೆಯ ಮೇಲೆ ಇಷ್ಟು ಆತುಕೊಂಡ ಸರ್ಕಾರ ಆಮೇಲೆ ಮುಷ್ಕರದ ದಿನಗಳಲ್ಲಿ ಯಾರ ಪರ ನಿಂತಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಕಂಪನಿ ಊರು ಎಂದರೆ ಏನೇನು ಕಂಪನಿಯದು?

ಏನು ಅಲ್ಲ ಎಂದು ಕೇಳಿದರೆ ಉತ್ತರ ಸುಲಭ. ನೆಲ, ಮನೆ, ನೀರು, ಅಂಗಡಿ, ರೊಟ್ಟಿ ಸುಡುವ ಒಲೆ, ಊರಿಗೆ ಬರುವ ದಾರಿ, ಎಲ್ಲವೂ ಕಂಪನಿಯದೇ. ಇಂಥ ಊರನ್ನು ಒಫಿಸೀನಾ ಎನ್ನುತ್ತಿದ್ದರು, ಕಚೇರಿ ಎಂದು ಅರ್ಥ. ಊರಿಗೆ ಕಚೇರಿ ಎಂದೇ ಹೆಸರಿರುವುದನ್ನು ಗಮನಿಸಿ. ಪಂಪಾದಲ್ಲಿ ಇಂಥವು ಇನ್ನೂರಕ್ಕೂ ಹೆಚ್ಚಿದ್ದವು.

ಆಳುಗಳನ್ನು ದಕ್ಷಿಣ ಚಿಲಿಯ ಹಳ್ಳಿಗಳಿಂದ ದಲ್ಲಾಳಿಗಳು ಕರೆತರುತ್ತಿದ್ದರು. ಮುಂಗಡದ ಆಸೆ, ದೊಡ್ಡ ಕೂಲಿಯ ಮಾತು, ಹಡಗಿನ ಪ್ರಯಾಣ. ನಮ್ಮ ತೋಟಗಳಿಗೆ ಆಳು ತರುತ್ತಿದ್ದ ಮೇಸ್ತ್ರಿಗಳ ಕಥೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆರು ಮತ್ತು ಬೊಲಿವಿಯಾದವರೂ ಬಹಳ ಮಂದಿ ಇದ್ದರು. 1910ರ ದಶಕದ ಕೊನೆಗೆ, ಉದ್ಯಮ ವರ್ಷಕ್ಕೆ ಸುಮಾರು 30 ಲಕ್ಷ ಟನ್ ಮಾಡುತ್ತಿದ್ದಾಗ, ಕಾರ್ಮಿಕರ ಸಂಖ್ಯೆ ಐವತ್ತು ಸಾವಿರ ದಾಟಿತ್ತು.

ಎಲ್ಲಕ್ಕಿಂತ ಬಿಗಿಯಾದ ಬೇಲಿ ನಾಣ್ಯದ್ದು. ಕೂಲಿಯನ್ನು ದೇಶದ ಹಣದಲ್ಲಿ ಕೊಡದೆ ಫಿಚಾ ಎಂಬ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ಹಿತ್ತಾಳೆಯವು, ಎಬೊನೈಟಿನವು, ಬಣ್ಣಬಣ್ಣದವು, ಒಂದೊಂದು ಒಫಿಸೀನಾದ ಹೆಸರು ಅಚ್ಚಾದವು. ಒಂದು ಊರಿನ ಬಿಲ್ಲೆ ಪಕ್ಕದ ಊರಿನಲ್ಲಿ ನಡೆಯದು. ನಡೆಯುವ ಜಾಗ ಒಂದೇ, ಪುಲ್ಪೆರಿಯಾ ಎಂಬ ಕಂಪನಿ ಅಂಗಡಿ. ಅಲ್ಲಿ ಬೆಲೆ ಕಂಪನಿ ಹೇಳಿದ್ದು, ತೂಕ ಕಂಪನಿ ತೂಗಿದ್ದು. ಊರು ಬಿಡಬೇಕೆಂದು ಬಿಲ್ಲೆಗಳನ್ನು ನಿಜವಾದ ಪೆಸೊಗೆ ಬದಲಾಯಿಸಲು ಹೋದರೆ ಮುರಿದುಕೊಂಡು ಕೊಡುತ್ತಿದ್ದರು. ಕೊಟ್ಟ ಕೂಲಿ ಅಂಗಡಿಯ ಮೂಲಕ ಕಂಪನಿಗೇ ಮರಳುತ್ತಿತ್ತು. ಇಂದು ಇಕೀಕೆಯಲ್ಲಿ ಸಂಗ್ರಹಕಾರರು ಈ ಬಿಲ್ಲೆಗಳನ್ನು ಹುಡುಕಿ ಕೊಳ್ಳುತ್ತಾರೆ. ಬಿಲ್ಲೆಗೆ ಕೊನೆಗೂ ಊರಾಚೆ ಬೆಲೆ ಬಂತು, ಅದು ಬೇಕಿದ್ದವರಿಗೆ ಸಿಗಲಿಲ್ಲ.

1907ರಲ್ಲಿ ಇಕೀಕೆಯಲ್ಲಿ ಏನಾಯಿತು?

ಡಿಸೆಂಬರ್ ತಿಂಗಳಲ್ಲಿ ಸಾನ್ ಲೊರೆನ್ಸೊ ಎಂಬ ಒಫಿಸೀನಾದಲ್ಲಿ ಶುರುವಾದ ಮುಷ್ಕರ ಪಂಪಾದ ತುಂಬ ಹರಡಿತು. ಪೆಸೊ ಬೆಲೆ ಕುಸಿದು ಕೂಲಿ ಕರಗಿಹೋಗಿತ್ತು. ಸಾವಿರಾರು ಜನ, ಹೆಂಡತಿ ಮಕ್ಕಳೊಂದಿಗೆ, ಮರುಭೂಮಿಯ ಮೂಲಕ ನಡೆದುಕೊಂಡೇ ಬಂದರಿಗೆ ಇಳಿದರು. ಅವರ ಬೇಡಿಕೆಗಳ ಪಟ್ಟಿಯನ್ನು ಓದಿದರೆ ಊರಿನ ಸ್ಥಿತಿ ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ: ಕೂಲಿಯ ಲೆಕ್ಕ ಪೆಸೊಗೆ ಹದಿನೆಂಟು ಬ್ರಿಟಿಷ್ ಪೆನ್ಸ್ ದರದಲ್ಲಿರಲಿ, ಬಿಲ್ಲೆಗಳನ್ನು ಪೂರ್ತಿ ಬೆಲೆಗೆ ಬದಲಾಯಿಸಿ ಕೊಡಿ, ಅಂಗಡಿಯ ಹೊರಗೆ ತಕ್ಕಡಿ ಇಡಿ, ಕುದಿಯುವ ತೊಟ್ಟಿಗಳಿಗೆ ಕಂಬಿ ಹಾಕಿಸಿ, ಕೆಲಸಗಾರರಿಗೆ ರಾತ್ರಿ ಶಾಲೆ ತೆರೆಯಲು ಜಾಗ ಕೊಡಿ. ಕ್ರಾಂತಿಯ ಮಾತು ಅದರಲ್ಲಿಲ್ಲ. ತಕ್ಕಡಿ, ಕಂಬಿ, ಶಾಲೆ.

ಅಧಿಕಾರಿಗಳು ಅವರನ್ನು ದೊಮಿಂಗೊ ಸಾಂತಾ ಮರಿಯಾ ಶಾಲೆಯಲ್ಲಿ ಇಳಿಸಿದರು. ಕಂಪನಿಗಳು ಮುಷ್ಕರ ನಿಲ್ಲುವವರೆಗೆ ಮಾತೇ ಇಲ್ಲ ಎಂದವು. ಡಿಸೆಂಬರ್ 21ರ ಮಧ್ಯಾಹ್ನ ಜನರಲ್ ರೊಬೆರ್ತೊ ಸಿಲ್ವಾ ರೆನಾರ್ದ್ ಶಾಲೆಯನ್ನು ಖಾಲಿ ಮಾಡಲು ಆಜ್ಞಾಪಿಸಿದ. ಜನ ಕದಲಲಿಲ್ಲ. ಮೆಷಿನ್ ಗನ್‌ಗಳಿಂದ ಗುಂಡು ಹಾರಿಸಲಾಯಿತು. ಸರ್ಕಾರಿ ಲೆಕ್ಕ ನೂರು ಚಿಲ್ಲರೆ ಸಾವು ಎಂದಿತು, ಎರಡು ಸಾವಿರಕ್ಕೂ ಹೆಚ್ಚು ಎಂಬ ಅಂದಾಜುಗಳೂ ಇವೆ. ಪೆರು, ಬೊಲಿವಿಯಾದ ಕಾರ್ಮಿಕರಿಗೆ ಅವರ ಕಾನ್ಸಲ್‌ಗಳು ಹೊರಬರಲು ಹೇಳಿದರೂ ಅವರು ಚಿಲಿಯ ಜೊತೆಗಾರರನ್ನು ಬಿಟ್ಟು ಬರಲಿಲ್ಲ ಎಂಬುದನ್ನು ಇಕೀಕೆಯ ಜನ ಇಂದಿಗೂ ಹೇಳುತ್ತಾರೆ. ಅದಕ್ಕೆ ಕಾಲು ಶತಮಾನ ಮೊದಲು ಆ ಎರಡೂ ದೇಶಗಳು ಚಿಲಿಯ ವಿರುದ್ಧ ಯುದ್ಧ ಮಾಡಿದ್ದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ.

ಐದು ವರ್ಷಗಳ ಮೇಲೆ, 1912ರ ಜೂನ್‌ನಲ್ಲಿ, ಅಚ್ಚಿನ ಮೊಳೆ ಜೋಡಿಸುವ ಕೆಲಸದಿಂದ ಬಂದ ಲೂಯಿಸ್ ಎಮಿಲಿಯೊ ರೆಕಾಬಾರೆನ್ ಇದೇ ಇಕೀಕೆಯಲ್ಲಿ ಸಮಾಜವಾದಿ ಕಾರ್ಮಿಕ ಪಕ್ಷ ಕಟ್ಟಿದರು. ಚಿಲಿಯ ಕಾರ್ಮಿಕ ಚಳವಳಿಯ ಬೇರು ಈ ಉಪ್ಪಿನಲ್ಲಿದೆ. ಬಿಲ್ಲೆ ಕೂಲಿಯನ್ನು ಕಾನೂನು ನಿಷೇಧಿಸಿದ್ದು 1920ರ ದಶಕದಲ್ಲಿ.

ಈಜುಕೊಳ, ರಂಗಮಂದಿರ, ಟೆನಿಸ್ ಅಂಗಳ ಇದ್ದ ಊರಿನಲ್ಲಿ ಅಷ್ಟು ಕಷ್ಟವಿತ್ತು ಎಂದರೆ ನಂಬುವುದು ಹೇಗೆ?

ಇದು ಅತಿ ಹೆಚ್ಚು ಬರುವ ಪ್ರಶ್ನೆ. ನನಗೆ ತೋರುವಂತೆ ಇಡೀ ಊರಿನ ಬಗೆಗಿನ ಗೊಂದಲವೆಲ್ಲ ಇಲ್ಲಿಯೇ ಇದೆ. ಒಂದೇ ಜಾಗದಲ್ಲಿ ಎರಡು ಊರುಗಳಿದ್ದವು. ನೀವು ಚಿತ್ರದಲ್ಲಿ ನೋಡುವುದು ಎರಡನೆಯದು.

ಮೊದಲನೆಯದು ಲಾ ಪಾಲ್ಮಾ. ಬಿಲ್ಲೆ ಕೂಲಿ, ದಲ್ಲಾಳಿ, ಕಂಬಿಯಿಲ್ಲದ ತೊಟ್ಟಿ, 1907ರ ನಡಿಗೆ ಆ ಕಾಲದ್ದು. ಆ ಊರಿನ ಮನೆಗಳನ್ನು ಸಿಕ್ಕ ತಗಡು, ಗೋಣಿ, ಕಲೀಚೆ ಚೂರುಗಳಿಂದ ಕಟ್ಟಿದ್ದರು, ಅವು ಉಳಿಯುವ ಪೈಕಿಯಲ್ಲ. ಎರಡನೆಯದು 1934ರಲ್ಲಿ ಶುರುವಾದ ಹಂಬರ್‌ಸ್ಟೋನ್. ಆರ್ಥಿಕ ಮಹಾಕುಸಿತ ಉದ್ಯಮವನ್ನು ನೆಲಕ್ಕೆ ಕೆಡವಿತ್ತು. ಕೋಸಾತಾನ್ ಎಂಬ ಸಂಕ್ಷಿಪ್ತ ಹೆಸರಿನ ಹೊಸ ಕಂಪನಿ ಕೆಲವೇ ಒಫಿಸೀನಾಗಳನ್ನು ಕೊಂಡು ಆಧುನಿಕಗೊಳಿಸಲು ಹೊರಟಿತ್ತು. ಅಷ್ಟರಲ್ಲಿ ಕಾರ್ಮಿಕ ಕಾನೂನು ಬಂದಿತ್ತು, ಸಂಘಗಳಿದ್ದವು, ಪಳಗಿದ ಕೆಲಸಗಾರರನ್ನು ಉಳಿಸಿಕೊಳ್ಳುವ ಅಗತ್ಯವೂ ಕಂಪನಿಗಿತ್ತು. ಚೌಕ, ಮಾರುಕಟ್ಟೆ, ಚರ್ಚು, ಶಾಲೆ, ಆಸ್ಪತ್ರೆ, ಹೋಟೆಲು, ರಂಗಮಂದಿರ ಈ ಕಾಲದ ಮುಖ. ಊರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರಿದ್ದ ಕಾಲ ಅದು.

ಈಜುಕೊಳದ ವಿಷಯ ಹೇಳಲೇಬೇಕು. ಅದು ಸಿಮೆಂಟಿನದಲ್ಲ. ಕಬ್ಬಿಣದ ಹಾಳೆಗಳನ್ನು ರಿವೆಟ್ ಹೊಡೆದು ಜೋಡಿಸಿದ ದೊಡ್ಡ ತೊಟ್ಟಿ, ಒಡೆದ ಹಡಗೊಂದರ ಕಬ್ಬಿಣದಿಂದ ಮಾಡಿದ್ದು ಎನ್ನುತ್ತಾರೆ. ಜಿಗಿಯುವ ಹಲಗೆ, ನೋಡುವವರಿಗೆ ಮೆಟ್ಟಿಲು ಎಲ್ಲ ಇದೆ. ಮಳೆ ಬೀಳದ ನೆಲದಲ್ಲಿ ಮುಳುಗಿದ ಹಡಗಿನ ಕಬ್ಬಿಣಕ್ಕೆ ಮತ್ತೆ ನೀರು ಸಿಕ್ಕಿತು. ಮರದ ಕಟ್ಟಡಗಳಿಗೆ ಬಳಸಿದ್ದು ಉತ್ತರ ಅಮೆರಿಕದ ಪಶ್ಚಿಮ ತೀರದ ಒರೆಗಾನ್ ಪೈನ್. ಸಾವಿರಾರು ಮೈಲಿ ಹಡಗಿನಲ್ಲಿ ಬಂದ ಮರ.

ಆದ್ದರಿಂದ ರಂಗಮಂದಿರದ ಚಿತ್ರ ತೋರಿಸಿ, ಕಂಪನಿ ಜನರನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿತ್ತು ನೋಡಿ ಎನ್ನುವವರೂ ತಪ್ಪುತ್ತಾರೆ. ಅದೇ ಕುರ್ಚಿಗಳನ್ನು ತೋರಿಸಿ, 1907ರ ದುಃಖ ಇಲ್ಲಿ ಕೇಳಿಸುತ್ತದೆ ಎನ್ನುವವರೂ ತಪ್ಪುತ್ತಾರೆ. ಹಳೆಯ ಪಂಪೀನೊಗಳು ಈ ಊರನ್ನು ಪ್ರೀತಿಯಿಂದ ನೆನೆಯುತ್ತಾರೆ. ಅದು ಸುಳ್ಳು ನೆನಪಲ್ಲ. ಅವರು ಹುಟ್ಟಿ ಬೆಳೆದದ್ದು ಎರಡನೆಯ ಊರಿನಲ್ಲಿ. ಹಾಗೆಂದು ಆಗ ಸಮಾನತೆ ಬಂತೆಂದಲ್ಲ. ಆಡಳಿತಗಾರನ ಬಂಗಲೆ, ನೌಕರರ ಮನೆ, ಸಂಸಾರಸ್ಥ ಕೆಲಸಗಾರರ ಸಾಲು, ಒಂಟಿ ಗಂಡಸರ ಕೋಣೆಗಳು: ಯಾರ ಸ್ಥಾನ ಯಾವುದು ಎಂಬುದು ಗೋಡೆಯಲ್ಲಿಯೇ ಬರೆದಿತ್ತು.

ಕುಡಿಯುವ ನೀರು?

1835ರ ಜುಲೈಯಲ್ಲಿ ಚಾರ್ಲ್ಸ್ ಡಾರ್ವಿನ್ ಇಕೀಕೆಗೆ ಬಂದು ಪೆಟ್ಲುಪ್ಪಿನ ಕೆಲಸ ನೋಡಿದ್ದ. ಆಗ ಬಂದರಿಗೆ ಸಿಹಿನೀರು ದೋಣಿಯಲ್ಲಿ ಪಿಸಾಗ್ವಾ ಕಡೆಯಿಂದ ಬರುತ್ತಿತ್ತು, ಹಣ ಕೊಟ್ಟು ಕೊಳ್ಳಬೇಕಿತ್ತು. ಪಂಪಾದ ಊರುಗಳಿಗೆ ಮಾತ್ರ ಆಂಡೀಸ್ ಪರ್ವತದಿಂದ ನೆಲದೊಳಗೆ ಹರಿದು ಬರುವ ನೀರಿನ ಬಾವಿಗಳಿದ್ದವು. ಅದೂ ಉಪ್ಪುಪ್ಪು.

ಗಣಿ ಬರಿದಾದ್ದರಿಂದ ಊರು ಮುಚ್ಚಿತೇ?

ಕಲೀಚೆ ಇಂದಿಗೂ ಬೇಕಾದಷ್ಟಿದೆ. ಊರನ್ನು ಮುಚ್ಚಿಸಿದ್ದು ಜರ್ಮನಿಯ ಪ್ರಯೋಗಾಲಯ. ಫ್ರಿಟ್ಸ್ ಹಾಬರ್ 1909ರಲ್ಲಿ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಸೇರಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು, 1913ರಲ್ಲಿ ಒಪ್ಪಾವ್ ಎಂಬಲ್ಲಿ ಉತ್ಪಾದನೆ ಶುರುವಾಯಿತು. ಮರುವರ್ಷವೇ ಮೊದಲ ಮಹಾಯುದ್ಧ. ಬ್ರಿಟಿಷ್ ನೌಕಾಪಡೆ ಚಿಲಿಯ ನೈಟ್ರೇಟ್ ಜರ್ಮನಿಗೆ ತಲುಪದಂತೆ ತಡೆದಾಗ ಜರ್ಮನಿ ಅಮೋನಿಯಾದಿಂದಲೇ ಸ್ಫೋಟಕ ಮಾಡಿಕೊಂಡಿತು. ಅದೇ ಯುದ್ಧ ಇನ್ನೊಂದು ಬಣದ ಖರೀದಿಯಿಂದ ಚಿಲಿಗೆ ಅತಿ ದೊಡ್ಡ ಲಾಭದ ವರ್ಷಗಳನ್ನೂ ತಂದಿತು. ಆರುವ ದೀಪ ಒಮ್ಮೆ ಉರಿದಂತೆ.

ಯುದ್ಧ ಮುಗಿದ ಮೇಲೆ ಎಲ್ಲ ದೇಶಗಳೂ ಕೃತಕ ನೈಟ್ರೇಟಿಗೆ ತಿರುಗಿದವು. 1929ರ ಕುಸಿತ ಉಳಿದದ್ದನ್ನು ಮುಗಿಸಿತು. ಚಿಲಿ ಸರ್ಕಾರ ಅಮೆರಿಕದ ಬಂಡವಾಳದೊಂದಿಗೆ ಕೋಸಾಚ್ ಎಂಬ ಬೃಹತ್ ಸಂಸ್ಥೆ ಮಾಡಿ ನೋಡಿತು, ಅದು 1933ರಲ್ಲಿ ವಿಸರ್ಜನೆಯಾಯಿತು. ಅದರ ಅವಶೇಷಗಳಿಂದ ಬಂದದ್ದೇ ಹಂಬರ್‌ಸ್ಟೋನಿನ ಎರಡನೆಯ ಜನ್ಮ. ಅಂದರೆ ಸುಂದರವಾದ ಊರು ಕಟ್ಟಿದ್ದು ಉದ್ಯಮ ಸೋತ ಮೇಲೆ. ಇದು ನನಗೆ ಈ ಕಥೆಯ ಅತಿ ವಿಚಿತ್ರ ಭಾಗ. ಶ್ಯಾಂಕ್ಸ್ ವಿಧಾನಕ್ಕೆ ಗೊಬ್ಬರದ ಪೇಟೆಯಲ್ಲಿ ಉಳಿಗಾಲವಿರಲಿಲ್ಲ. 1958ರಲ್ಲಿ ಕೋಸಾತಾನ್ ಮುಗಿಯಿತು, 1960ರಲ್ಲಿ ಊರು ಖಾಲಿಯಾಯಿತು.

ಸಾಂತಾ ಲೌರಾ ಹೆಸರು ಯಾವಾಗಲೂ ಜೊತೆಗೆ ಬರುತ್ತದೆ, ಏಕೆ?

ಅದು ಎರಡು ಕಿಲೋಮೀಟರಿಗಿಂತ ಹತ್ತಿರದ ಇನ್ನೊಂದು ಒಫಿಸೀನಾ, 1872ರಲ್ಲಿ ಆರಂಭವಾದದ್ದು. ಮುಚ್ಚಿದ ಮೇಲೆ ಎರಡೂ ಊರುಗಳನ್ನು ಹಳೆ ಕಬ್ಬಿಣಕ್ಕೆಂದು ಕಳಚತೊಡಗಿದರು. ಹಂಬರ್‌ಸ್ಟೋನಿನಲ್ಲಿ ಕಾರ್ಖಾನೆ ಹೋಗಿ ಊರು ಉಳಿಯಿತು. ಸಾಂತಾ ಲೌರಾದಲ್ಲಿ ಮನೆಗಳು ಹೋಗಿ ಕಾರ್ಖಾನೆ ಉಳಿಯಿತು, ಶ್ಯಾಂಕ್ಸ್ ವಿಧಾನದ ಕುದಿಸುವ ಮನೆ ತನ್ನ ಎತ್ತರದ ಕಂಬಗಳ ಮೇಲೆ ಇನ್ನೂ ನಿಂತಿದೆ. ಎರಡನ್ನೂ ಸೇರಿಸಿದರೆ ಒಂದು ಪೂರ್ತಿ ಒಫಿಸೀನಾ ಆಗುತ್ತದೆ. 1970ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಆದರೂ ಕಳ್ಳತನ ನಿಲ್ಲಲು ಬಹಳ ವರ್ಷ ಹಿಡಿಯಿತು. 2005ರಲ್ಲಿ ಯುನೆಸ್ಕೊ ಎರಡನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಟ್ಟಡಗಳು ಅಷ್ಟು ಶಿಥಿಲವಾಗಿದ್ದವೆಂದರೆ ಅದೇ ಸಲ ಅಪಾಯದ ಪಟ್ಟಿಗೂ ಸೇರಿಸಿತು. ಆ ವರ್ಷ ಜೂನ್‌ನಲ್ಲಿ ದೊಡ್ಡ ಭೂಕಂಪ, 2014ರ ಏಪ್ರಿಲ್‌ನಲ್ಲಿ ಮತ್ತೊಂದು. ದುರಸ್ತಿಯ ನಂತರ 2019ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂದವು.

ಉಳಿದ ಇನ್ನೂರು ಊರುಗಳು ಏನಾದವು?

ಬಹುಪಾಲು ನೆಲಸಮ. ಗೋಡೆಯ ಬುಡ, ಕೇಕಿನ ಗುಡ್ಡ, ಸ್ಮಶಾನ, ಅಷ್ಟೇ. ಎರಡನ್ನು ಹೇಳಬಹುದು. ಆಂಟೊಫಗಾಸ್ಟಾ ಕಡೆಯ ಚಕಬೂಕೊ 1924ರಲ್ಲಿ ತೆರೆದು ಹದಿನೈದು ವರ್ಷವೂ ಸರಿಯಾಗಿ ನಡೆಯಲಿಲ್ಲ. 1973ರಲ್ಲಿ ಪಿನೊಚೆ ಸೇನಾ ಆಡಳಿತ ಆ ಪಾಳು ಊರಿನ ಕಾರ್ಮಿಕರ ಮನೆಗಳಲ್ಲಿ ರಾಜಕೀಯ ಕೈದಿಗಳನ್ನು ತುಂಬಿತು. ಸುತ್ತ ಮರುಭೂಮಿಯಿರುವ ಊರನ್ನು ಸೆರೆಮನೆ ಮಾಡಲು ಹೆಚ್ಚಿನ ಬದಲಾವಣೆ ಬೇಕಾಗಲಿಲ್ಲ. ಇನ್ನೊಂದು ಮರಿಯಾ ಎಲೆನಾ. 1926ರಲ್ಲಿ ಗುಗ್ಗೆನ್‌ಹೈಮ್ ಕುಟುಂಬದ ಕಂಪನಿ ಹೊಸ ವಿಧಾನದೊಂದಿಗೆ ತೆರೆದ ಊರು. ಅಲ್ಲಿ ಇಂದಿಗೂ ಜನರಿದ್ದಾರೆ, ನೈಟ್ರೇಟ್ ಉದ್ಯಮವೂ ಇದೆ. ಜಗತ್ತಿನ ಅಯೋಡಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕಲೀಚೆಯಿಂದಲೇ ಬರುತ್ತದೆ. ಒಂದು ಕಾಲದ ಉಪ ಉತ್ಪನ್ನ ಈಗ ಮುಖ್ಯ ಸಂಪಾದನೆ.

ಅಲ್ಲಿ ದೆವ್ವಗಳಿವೆಯಂತೆ?

ಟಿಕೆಟ್ ಮಾರಲು ನೆರವಾಗುವ ಕಥೆಗಳಿವೆ. ತಗಡಿನ ಮಾಡು ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಸದ್ದು ಮಾಡುತ್ತದೆ.

ಹಳೆಯ ನಿವಾಸಿಗಳು ಮರಳಿ ಬರುತ್ತಾರೆಯೇ? ನಾವು ಹೋಗಬಹುದೇ?

ಎರಡಕ್ಕೂ ಹೌದು. ಪ್ರತಿ ನವೆಂಬರ್‌ನಲ್ಲಿ ಪೆಟ್ಲುಪ್ಪಿನ ವಾರ ಎಂಬ ಕೂಟ ನಡೆಯುತ್ತದೆ. ಒಮ್ಮೆ ಇಲ್ಲಿ ವಾಸವಿದ್ದವರು, ಅವರ ಮಕ್ಕಳು ಮೊಮ್ಮಕ್ಕಳು ಬಂದು ಚೌಕದಲ್ಲಿ ಸೇರುತ್ತಾರೆ. ಜುಲೈ 16ರಂದು ಪಂಪಾದ ಲಾ ತಿರಾನಾ ಹಳ್ಳಿಯಲ್ಲಿ ನಡೆಯುವ ಮೇರಿ ಮಾತೆಯ ಜಾತ್ರೆಯ ಕುಣಿತದ ತಂಡಗಳಲ್ಲೂ ಒಫಿಸೀನಾಗಳಲ್ಲಿ ಹುಟ್ಟಿದವು ಇವೆ.

ಹೋಗುವವರು ಇಕೀಕೆಯಿಂದ ಬೆಳಿಗ್ಗೆಯೇ ಹೊರಡಬೇಕು, ರಸ್ತೆಯಲ್ಲಿ ಒಂದು ಗಂಟೆ ಸಾಕು. ಟೋಪಿ, ನೀರು, ಸಂಜೆಗೊಂದು ಸ್ವೆಟರ್. ಸಾಂತಾ ಲೌರಾವನ್ನು ಮೊದಲು ನೋಡಿ. ಕುದಿಸುವ ಮನೆಯ ಎತ್ತರ ಕಣ್ಣಿಗೆ ಬಿದ್ದ ಮೇಲೆ ಹಂಬರ್‌ಸ್ಟೋನಿನ ರಂಗಮಂದಿರಕ್ಕೆ ಹೋದರೆ ಆ ಕುರ್ಚಿಗಳಲ್ಲಿ ಕೂರುತ್ತಿದ್ದವರು ಎಲ್ಲಿಂದ ಬಂದು ಕೂರುತ್ತಿದ್ದರು ಎಂಬುದು ತಿಳಿಯುತ್ತದೆ. ಸಮಯವಿದ್ದರೆ ಪಂಪಾದ ಹಳೆಯ ಸ್ಮಶಾನವೊಂದಕ್ಕೂ ಹೋಗಿ. ಮರದ ಶಿಲುಬೆಗಳ ಮೇಲೆ ಹಾಕಿರುವ ಹೂಮಾಲೆಗಳನ್ನು ಹತ್ತಿರದಿಂದ ನೋಡಿ. ಅವು ತಗಡನ್ನು ಕತ್ತರಿಸಿ ಮಾಡಿದ ಹೂಗಳು. ಪಂಪಾದಲ್ಲಿ ಬೇರೆ ಹೂ ಸಿಗುತ್ತಿರಲಿಲ್ಲ.